ಕರಾವಳಿಗೆ ನಾಲ್ಕು ದಿನ: ಉಡುಪಿ ಕಡೆಯೋ, ಗೋಕರ್ಣ ಕಡೆಯೋ?

ದಸರಾ ರಜೆ ಹತ್ತಿರ ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ನನ್ನ ಊರು ಕುಂದಾಪುರ ಎಂದು ಗೊತ್ತಿರುವ ಬೆಂಗಳೂರಿನ ಗೆಳೆಯರು ಕೇಳುವುದು ಒಂದೇ ಮಾತು: "ಮಂಗಳೂರಿಂದ ಕಾರವಾರದವರೆಗೆ ಇಡೀ ಕರಾವಳಿ ನೋಡ್ಬೇಕು, ನಾಲ್ಕು ದಿನ ರಜೆ ಇದೆ, ಒಂದು ಪ್ಲ್ಯಾನ್ ಹಾಕಿ ಕೊಡಿ." ನಾನು ಮೊದಲು ಹೇಳುವುದು, ಇಡೀ ಕರಾವಳಿ ಬೇಡ. ಅರ್ಧ ಆರಿಸಿಕೊಳ್ಳಿ.

ಕಾರಣ ಇದೆ. ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿಗೆ ಹೆದ್ದಾರಿ 66ರಲ್ಲಿ ಸುಮಾರು 280 ಕಿ.ಮೀ. ಮ್ಯಾಪ್ ನೋಡಿದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ತಲುಪಬಹುದು ಅನ್ನಿಸುತ್ತದೆ. ಆದರೆ ಈ ಹೆದ್ದಾರಿಯಿಂದ ಕಡಲು ಕಾಣಿಸುವುದು ಕೆಲವೇ ಕಡೆ. ಉಳಿದ ಕಡೆಯೆಲ್ಲ ಪಡುವಣಕ್ಕೆ ತಿರುಗಿ, ಎದುರಿಗೆ ಇನ್ನೊಂದು ಗಾಡಿ ಬಂದರೆ ಬದಿಗೆ ಸರಿಯಬೇಕಾದ ರಸ್ತೆಯಲ್ಲಿ ಎರಡು, ಮೂರು ಕಿ.ಮೀ. ಒಳಗೆ ಹೋಗಬೇಕು. ಗಾಡಿ ನಿಲ್ಲಿಸಿ, ನಡೆದು, ಸ್ವಲ್ಪ ಹೊತ್ತು ಕೂತು, ಕಾಲಿನ ಮರಳು ತೊಳೆದು ಮತ್ತೆ ಹೆದ್ದಾರಿಗೆ ಬರುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ದಿನಕ್ಕೆ ಮೂರು ಕಡೆ ನಿಂತರೆ ಖುಷಿಯಾಗುತ್ತದೆ. ಆರು ಕಡೆ ನಿಂತರೆ ಯಾವ ಬೀಚು ಯಾವುದು ಅಂತ ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ.

ನಾನು ಗೆರೆ ಎಳೆಯುವುದು ಬೈಂದೂರಿನ ಒತ್ತಿನೆಣೆಯಲ್ಲಿ. ಆ ಗುಡ್ಡದ ಮೇಲೆ ನಿಂತರೆ ಕೆಳಗೆ ಸೋಮೇಶ್ವರ ಬೀಚು ಕಾಣುತ್ತದೆ, ಅದರ ಪಕ್ಕದಲ್ಲೇ ಹೊಳೆ ಬಂದು ಕಡಲು ಸೇರುವುದು ಕಾಣುತ್ತದೆ. ಅಲ್ಲಿಂದ ತೆಂಕಕ್ಕೆ, ಅಂದರೆ ದಕ್ಷಿಣಕ್ಕೆ, ಕರಾವಳಿ ಹೆಚ್ಚುಕಡಿಮೆ ಸಪಾಟು. ಉದ್ದುದ್ದ ಮರಳು, ತೆಂಗಿನ ಸಾಲು, ಕಡಲಿನ ಹತ್ತಿರ ಬಂದು ಒಳಗೆ ಹೋಗದೆ ಪಕ್ಕಕ್ಕೆ ತಿರುಗಿ ಹರಿಯುವ ಹೊಳೆಗಳು. ಬಡಗಕ್ಕೆ, ಅಂದರೆ ಉತ್ತರಕ್ಕೆ, ಹೋದ ಹಾಗೆ ಘಟ್ಟ ಕಡಲಿಗೆ ಹತ್ತಿರವಾಗುತ್ತದೆ. ಗುಡ್ಡಗಳು ಸೀದಾ ನೀರಿಗೆ ಇಳಿಯುತ್ತವೆ, ಎರಡು ಗುಡ್ಡಗಳ ನಡುವೆ ಪುಟ್ಟ ಬೀಚುಗಳು. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದ ಲೆಕ್ಕ ಸುಲಭ. ತೆಂಕು ಕೂತು ನೋಡುವ ಕರಾವಳಿ, ಬಡಗು ನಡೆದು ನೋಡುವ ಕರಾವಳಿ.

ತೆಂಕಿನ ಅರ್ಧ: ಮಂಗಳೂರಿನಿಂದ ಬೈಂದೂರು

ಜೊತೆಯಲ್ಲಿ ಅಜ್ಜಿ, ತಾತ, ಪುಟ್ಟ ಮಕ್ಕಳು ಇದ್ದರೆ ಹೆಚ್ಚು ಯೋಚಿಸಬೇಡಿ, ಇದನ್ನೇ ಆರಿಸಿ. ಕಾರು ಮರಳಿನ ಹತ್ತಿರದವರೆಗೂ ಹೋಗುತ್ತದೆ. ಊರುಗಳು ಒತ್ತೊತ್ತಾಗಿವೆ. ಹೋಟೆಲು, ಆಸ್ಪತ್ರೆ, ಶೌಚಾಲಯ ಯಾವುದಕ್ಕೂ ಪರದಾಡಬೇಕಾಗಿಲ್ಲ. ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಅದು ಚೊಕ್ಕ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು. ಬಟ್ಟೆ ಬದಲಿಸಲು ಜಾಗ, ಸ್ನಾನಕ್ಕೆ ನೀರು, ಕಾವಲಿಗೆ ಜೀವರಕ್ಷಕರು ಇರುವ ಬೀಚು ಬೇಕಾದವರಿಗೆ ಅದು ಸರಿಯಾದ ಜಾಗ.

ನನಗೆ ಇಷ್ಟವಾದದ್ದು ಮಾತ್ರ ಅಲ್ಲಿಂದ ಸ್ವಲ್ಪ ಬಡಗಿನ ಕಾಪು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಒಳಗೆ ಸುತ್ತಿ ಸುತ್ತಿ ಹೋಗುವ ಮೆಟ್ಟಿಲು, ಕೊನೆಯಲ್ಲಿ ತಲೆ ತಗ್ಗಿಸಿ ದಾಟುವ ಸಣ್ಣ ಬಾಗಿಲು, ಹೊರಗೆ ಕಾಲಿಟ್ಟ ಕೂಡಲೇ ಮುಖಕ್ಕೆ ರಪ್ಪೆಂದು ಬಡಿಯುವ ಗಾಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ತೆಂಗಿನ ತಲೆಗಳು. ಅದರ ನಡುವೆ ಮನೆಗಳು ಇವೆ ಅಂತ ಗೊತ್ತಾಗುವುದು ಅಲ್ಲೊಂದು ಇಲ್ಲೊಂದು ಹೆಂಚು ಕಂಡಾಗ ಮಾತ್ರ. ದಿನದ ಕೊನೆಯ ಜಾಗವಾಗಿ ಕಾಪುವನ್ನು ಇಟ್ಟುಕೊಳ್ಳಿ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪಕ್ಕೆ ಅರ್ಧ ದಿನ ಬೇಕು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದ ಕಲ್ಲಿನ ಕಂಬಗಳು ಅಲ್ಲಿವೆ. ಜಾಸ್ತಿ ಕಂಬಗಳಿಗೆ ಆರು ಮುಖ, ಯಾರೋ ಕೆತ್ತಿ ನಿಲ್ಲಿಸಿದ ಹಾಗೆ. ಮಕ್ಕಳಿಗೆ ಮುಖಗಳನ್ನು ಎಣಿಸಲು ಹೇಳಿ, ಅವರು ಅಲ್ಲಿಂದ ಏಳುವುದಿಲ್ಲ. ನೆರಳು ಕಡಿಮೆ, ಹಾಗಾಗಿ ಬೆಳಗಿನ ದೋಣಿಗೇ ಹೋಗಿ, ಟೋಪಿ ಮರೆಯಬೇಡಿ.

ಮರವಂತೆಯ ಫೋಟೋ ಎಲ್ಲರೂ ನೋಡಿದ್ದೀರಿ. ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಚಂದವೇ. ಆದರೆ ಅದು ಲಾರಿ, ಬಸ್ಸು ಓಡುವ ಹೆದ್ದಾರಿ, ಬದಿಯಲ್ಲಿ ಗಾಡಿ ನಿಲ್ಲಿಸಿ ಮಕ್ಕಳನ್ನು ದಾಟಿಸುವಾಗ ಎದೆ ಡವಡವ ಅನ್ನುತ್ತದೆ. ಬೆಳಿಗ್ಗೆ ಆರು, ಆರೂವರೆಗೆ ಹೋದರೆ ಹೊಳೆಯ ಹಿಂದೆ ಸೂರ್ಯ ಏಳುವುದನ್ನು ನಿಧಾನವಾಗಿ ನೋಡಬಹುದು. ಅದೇ ನೋಟ ಸದ್ದಿಲ್ಲದೆ ಬೇಕೆಂದರೆ ಉಡುಪಿಯಿಂದ ಕೆಮ್ಮಣ್ಣು, ಹೂಡೆ ಮೇಲೆ ಕೋಡಿ ಬೆಂಗ್ರೆಗೆ ಹೋಗಿ. ಅಲ್ಲೂ ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ಹೊಳೆ, ನಡುವೆ ಊರಿನ ಸಣ್ಣ ರಸ್ತೆ. ಅಂಗಳದಲ್ಲಿ ಬಲೆ ಹರಡಿ ಕೂತವರನ್ನು ದಾಟಿಕೊಂಡು ಹೋದರೆ ರಸ್ತೆ ಮುಗಿಯುವುದೇ ನದಿ ಕಡಲು ಸೇರುವಲ್ಲಿ. ಎರಡರಲ್ಲಿ ಒಂದಕ್ಕೇ ಸಮಯ ಇದೆ ಎಂದರೆ ನಾನು ಬೆಂಗ್ರೆಗೇ ಹೋಗುತ್ತೇನೆ.

ಅಲೆಯ ಮೇಲೆ ಹಲಗೆ ಹಿಡಿದು ನಿಲ್ಲುವ ಆಸೆ ಇದ್ದವರು ಮೂಲ್ಕಿ, ಸಸಿಹಿತ್ಲು ಕಡೆ ಒಂದು ದಿನ ಇಟ್ಟುಕೊಳ್ಳಿ. ಸರ್ಫಿಂಗ್ ಕಲಿಸುವವರು ಅಲ್ಲಿ ಸಿಗುತ್ತಾರೆ.

ಬಡಗಿನ ಅರ್ಧ: ಭಟ್ಕಳದಿಂದ ಕಾರವಾರ

ಕಾಲಿಗೆ ಶಕ್ತಿ ಇದೆ, ನಡೆಯಲು ಮನಸ್ಸಿದೆ ಎಂದರೆ ಇದು ನಿಮ್ಮ ಕಡೆ. ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವ, ಪಕ್ಕದಲ್ಲಿ 20 ಅಂತಸ್ತಿನ ರಾಜಗೋಪುರ. ಲಿಫ್ಟಿನಲ್ಲಿ ಮೇಲೆ ಹೋದರೆ ಮೂರು ಕಡೆ ನೀರು ಕಾಣುತ್ತದೆ. ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡುವವರು ಹೊರಡುವುದೂ ಇಲ್ಲಿಂದಲೇ. ಆದರೆ ಇಲ್ಲಿನ ನೀರಿಗೆ ಇಳಿಯುವ ಮೊದಲು ಯೋಚಿಸಿ. 2024ರ ಡಿಸೆಂಬರ್‌ನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಇದೇ ಕಡಲಿನಲ್ಲಿ ಮುಳುಗಿ ತೀರಿಹೋದರು. ದಂಡೆಯಲ್ಲಿ ಮೊಣಕಾಲುದ್ದ ಕಾಣುವ ನೀರು ಒಂದು ಸೆಳೆತಕ್ಕೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಜೀವರಕ್ಷಕರು ಬೇಡ ಎಂದ ಜಾಗದಲ್ಲಿ ಇಳಿಯಬೇಡಿ. ಯಾರೂ ಕಾಣದಿದ್ದರೆ ಅಲ್ಲಿ ಬಲೆ ಸರಿಮಾಡುತ್ತಿರುವವರನ್ನು ಕೇಳಿ. "ಇಲ್ಲಿ ಇಳೀಬೇಡಿ, ಆ ಕಡೆ ಹೋಗಿ" ಎಂದು ಅವರು ಬೆರಳು ತೋರಿಸಿದರೆ ಅದಕ್ಕಿಂತ ದೊಡ್ಡ ಬೋರ್ಡು ಬೇಕಾಗಿಲ್ಲ.

ಹೊನ್ನಾವರದ ಸುತ್ತ ಒಂದು ಪೂರ್ತಿ ದಿನ ಕೊಡಿ. ಜಾಸ್ತಿ ಜನ ಗೋಕರ್ಣಕ್ಕೆ ಹೋಗುವ ಆತುರದಲ್ಲಿ ಶರಾವತಿ ಸೇತುವೆ ದಾಟಿ ಮುಂದೆ ಹೋಗಿಬಿಡುತ್ತಾರೆ. ಕಾಸರಕೋಡಿನ ಬೀಚಿಗೂ 2020ರಲ್ಲೇ ಬ್ಲೂ ಫ್ಲ್ಯಾಗ್ ಸಿಕ್ಕಿದೆ. ಹತ್ತಿರದಲ್ಲೇ ಅಪ್ಸರಕೊಂಡ: ಕೆಳಗೆ ಸಣ್ಣ ಜಲಪಾತ, ಮೇಲೆ ಗುಡ್ಡದಿಂದ ಕಡಲಿನ ನೋಟ. ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಕಾಲುದಾರಿ ಮಾಡಿದ್ದಾರೆ. ನೀರು ಇಳಿದಾಗ ಹೋದರೆ ಕೆಸರಿನಿಂದ ಮೇಲೆದ್ದು ನಿಂತ ಬೇರುಗಳು, ಅವುಗಳ ಸಂದಿಯಲ್ಲಿ ಓಡುವ ಏಡಿಗಳು ಕಾಣುತ್ತವೆ.

ಕುಮಟಾ ದಾಟಿದ ಮೇಲೆ ಹೆದ್ದಾರಿಗೆ ತಾಗಿದ ಹಾಗೇ ಮಿರ್ಜಾನ್ ಕೋಟೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಮಳೆ ಮುಗಿದ ಹೊಸದರಲ್ಲಿ ಮುರಕಲ್ಲಿನ ಗೋಡೆಗಳ ಮೇಲೆಲ್ಲ ಹಸಿರು ಹುಲ್ಲು ಹಾಸಿರುತ್ತದೆ. ಒಂದು ಗಂಟೆ ಸಾಕು, ಆದರೆ ಬಿಡಬೇಡಿ.

ಅಂಕೋಲಾದಿಂದ ಮುಂದೆ ಜನ ಕಡಿಮೆ. ಕಾರವಾರದಲ್ಲಿ ಊರ ಮುಂದೆಯೇ ಉದ್ದನೆಯ ಬೀಚು, ಅದಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ಟ್ಯಾಗೋರರು ಬಂದು ಉಳಿದಿದ್ದರು. ದಂಡೆಯಲ್ಲೇ ಐಎನ್‌ಎಸ್ ಚಪಲ್ ಎಂಬ ಹಳೆಯ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಇನ್ನೂ ಬಡಗಕ್ಕೆ, ಗೋವಾ ಗಡಿಯ ಮಾಜಾಳಿಯಲ್ಲಿ ಸಣ್ಣ ಗುಡ್ಡ ಹತ್ತಿ ಇಳಿದರೆ ತಿಳ್ಮಾತಿ. ಅಲ್ಲಿನ ಮರಳು ಕಪ್ಪು. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಅಂಗೈಯಲ್ಲಿ ಹಿಡಿದರೆ ಹೆಸರು ಯಾಕೆ ಬಂತು ಎಂದು ಯಾರೂ ಹೇಳಬೇಕಾಗಿಲ್ಲ.

ಈ ಅರ್ಧದ ತೊಂದರೆಗಳನ್ನೂ ಹೇಳಬೇಕು. ಒಳ್ಳೆಯ ಹೋಟೆಲುಗಳು ದೂರ ದೂರ. ಉದ್ದದ ರಜೆ ಬಂದರೆ ಗೋಕರ್ಣದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಬುಧವಾರ, ಗುರುವಾರ ಅಲ್ಲಿರುವ ಹಾಗೆ ಲೆಕ್ಕ ಹಾಕಿದರೆ ಅದೇ ಊರು ಬೇರೆಯೇ ಕಾಣುತ್ತದೆ.

ಊಟದಲ್ಲಿ ಎರಡೂ ಕಡೆ ಸೋಲುವುದಿಲ್ಲ, ಆದರೆ ರುಚಿ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಉಡುಪಿಯಲ್ಲಿ ಅಂಜಲ್ ಎಂದು ತಿಂದ ಮೀನೇ ಕಾರವಾರದಲ್ಲಿ ಇಸ್ವಾಣ. ಮಂಗಳೂರಿನ ಬೂತಾಯಿ ಅಲ್ಲಿ ತಾರ್ಲೆ. ಮೀನು ತಿನ್ನದವರಿಗೆ ತೆಂಕಿನಲ್ಲಿ ಗೋಳಿಬಜೆ, ಬನ್ಸ್, ಮೂಡೆ ಇದೆ. ಬಡಗಿನಲ್ಲಿ ತೆಳ್ಳೇವು, ತಂಬುಳಿ, ಅಪ್ಪೆಹುಳಿ. ಮೇ ತಿಂಗಳಲ್ಲಿ ಅಂಕೋಲಾ ಮೇಲೆ ಹೋದರೆ ಕರಿ ಇಷಾಡ ಮಾವಿನಹಣ್ಣು ಕೇಳಿ ತೆಗೆದುಕೊಳ್ಳಿ. ಸಿಪ್ಪೆ ತೆಳು, ಕಾರಿನ ಡಿಕ್ಕಿಯಲ್ಲಿ ಬ್ಯಾಗುಗಳ ಕೆಳಗೆ ಇಟ್ಟರೆ ಉಳಿಯುವುದಿಲ್ಲ.

ನಡಿಗೆ: ನಾಲ್ಕರಲ್ಲಿ ಯಾವುದು?

ಮೊದಲ ಸಲ ಬರುವವರಿಗೆ ಗೋಕರ್ಣದ ಬೀಚಿನಿಂದ ಬೀಚಿಗೆ ಹೋಗುವ ದಾರಿಯೇ ಒಳ್ಳೆಯದು. ಕುಡ್ಲೆಯಿಂದ ಗುಡ್ಡ ಹತ್ತಿದರೆ ಓಂ ಬೀಚು, ಅಲ್ಲಿಂದ ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ಒಂದೊಂದು ತುಂಡೂ ಇಪ್ಪತ್ತು, ಮೂವತ್ತು ನಿಮಿಷದ್ದು. ಸಾಕು ಅನ್ನಿಸಿದಲ್ಲಿ ನಿಲ್ಲಬಹುದು. ಕುಡ್ಲೆಯಿಂದ ಓಂವರೆಗೆ ಹತ್ತು ವರ್ಷದ ಮಕ್ಕಳೂ ಆರಾಮಾಗಿ ಬರುತ್ತಾರೆ. ಹಾಫ್ ಮೂನ್ ದಾಟಿದ ಮೇಲೆ ದಾರಿ ಕಡಲಿನ ಪಕ್ಕದ ಬಂಡೆಗಳ ಮೇಲೆ ಹೋಗುತ್ತದೆ, ಅಲ್ಲಿ ಕೈಯೂ ಬೇಕು. ನಾವು ಒಮ್ಮೆ ಪ್ಯಾರಡೈಸ್‌ನಲ್ಲಿ ಸೂರ್ಯ ಮುಳುಗುವವರೆಗೂ ಕೂತು ವಾಪಸ್ ಹೊರಟೆವು. ಅರ್ಧ ದಾರಿಯಲ್ಲಿ ಕತ್ತಲು. ಕೆಳಗೆ ನೀರಿನ ಸದ್ದು ಕೇಳುತ್ತಿತ್ತು, ಕಾಲು ಇಡಬೇಕಾದ ಕಲ್ಲು ಮಾತ್ರ ಕಾಣುತ್ತಿರಲಿಲ್ಲ. ಒಂದು ಮೊಬೈಲಿನ ಬೆಳಕಿನಲ್ಲಿ ನಾಲ್ಕು ಜನ ಬಂದೆವು. ಈಗ ನಾಲ್ಕೂವರೆಗೇ ಅಲ್ಲಿಂದ ಏಳುತ್ತೇನೆ, ಸೂರ್ಯಾಸ್ತವನ್ನು ಓಂ ಬೀಚಿನ ಮೇಲಿನ ಗುಡ್ಡದಿಂದ ನೋಡುತ್ತೇನೆ.

ಇದೇ ನಡಿಗೆಯ ದೊಡ್ಡಣ್ಣ ಕುಮಟಾದಿಂದ ಗೋಕರ್ಣಕ್ಕೆ. ಇಪ್ಪತ್ತು ಕಿ.ಮೀ.ಗೂ ಮೇಲೆ, ಎರಡು ದಿನ. ಬಿಸಿಲು, ಮರಳು, ಗುಡ್ಡ, ಮತ್ತೆ ಮರಳು. ಮರಳಿನ ಮೇಲೆ ಒಂದು ಕಿ.ಮೀ. ನಡೆಯುವುದು ರಸ್ತೆಯ ಎರಡು ಕಿ.ಮೀ.ಗೆ ಸಮ, ಅದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಆದರೆ ಈ ದಾರಿಯ ನಡುವೆ ಅಘನಾಶಿನಿ ನದಿ ಬರುತ್ತದೆ. ಅಘನಾಶಿನಿ ಊರಿನಿಂದ ಆಚೆಯ ದಡದ ತದಡಿಗೆ ದೋಣಿಯಲ್ಲಿ ದಾಟಬೇಕು. ನಾವು ದಾಟಿದ ದಿನ ದೋಣಿಯಲ್ಲಿ ಎರಡು ಬೈಕು, ಶಾಲೆಯ ಚೀಲ ಹಾಕಿಕೊಂಡ ಹುಡುಗಿ, ಬುಟ್ಟಿ ಹಿಡಿದ ಮೂವರು ಹೆಂಗಸರು. ಒಬ್ಬರ ಬುಟ್ಟಿಯಲ್ಲಿ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಬಳಚು, ಅಂದರೆ ಹೊಳೆಯ ಚಿಪ್ಪುಮೀನು. "ಎಲ್ಲಿಂದ ನಡ್ಕಂಡು ಬಂದ್ರಿ?" ಎಂದು ಕೇಳಿದರು. ಕುಮಟಾದಿಂದ ಎಂದಾಗ, "ಬಸ್ಸಿತ್ತಲ್ಲ!" ಎಂದು ನಿಜವಾಗಿಯೂ ನೊಂದುಕೊಂಡರು. ಇಳಿಯುವಾಗ ತಮ್ಮ ಬಾಟಲಿಯ ನೀರನ್ನು ನಮ್ಮ ಬಾಟಲಿಗೆ ಸುರಿದು ಹೋದರು. ನಿಯಮಿತವಾಗಿ ನಡೆಯುವ ಅಭ್ಯಾಸ ಇದ್ದವರು, ಜೊತೆಗೆ ದಾರಿ ಗೊತ್ತಿರುವ ಒಬ್ಬರಿದ್ದರೆ, ಈ ನಾಲ್ಕರಲ್ಲಿ ಇದನ್ನೇ ಮಾಡಿ.

ಬಿಸಿಲು ಆಗದವರಿಗೆ ಯಾಣ. ಕುಮಟಾದಿಂದ ಸುಮಾರು 30 ಕಿ.ಮೀ., ಕಾಡಿನ ನೆರಳಿನಲ್ಲಿ ಸ್ವಲ್ಪ ದೂರ ನಡೆದರೆ ಕಪ್ಪಗೆ ಎದ್ದು ನಿಂತ ಭೈರವೇಶ್ವರ ಶಿಖರ, 120 ಮೀಟರ್. ಪಕ್ಕದ ಮೋಹಿನಿ ಶಿಖರ 90 ಮೀಟರ್. ಹಿರಿಯರೂ ನಿಧಾನವಾಗಿ ಹೋಗಿ ಬರಬಹುದು. ಕೊಡಚಾದ್ರಿ ಬೇರೆ ಲೆಕ್ಕ. 1343 ಮೀಟರ್ ಎತ್ತರ, ಇಡೀ ದಿನದ ಕೆಲಸ, ಕಡಲಿನ ಪ್ರವಾಸದ ನಡುವೆ ತುರುಕಿದರೆ ಎರಡೂ ಕೆಡುತ್ತವೆ. ಕೊಲ್ಲೂರಿನಲ್ಲಿ ಒಂದು ರಾತ್ರಿ ಉಳಿಯುವವರು ಮಾತ್ರ ಯೋಚಿಸಿ, ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಹೊರಡುವ ಮೊದಲೇ ವಿಚಾರಿಸಿ.

ಯಾವ ಘಾಟಿ ಇಳಿಯುವುದು?

ಬಯಲುಸೀಮೆಯಿಂದ ಬರುವವರ ಮೊದಲ ದಿನ ಹೇಗಿರುತ್ತದೆ ಎಂಬುದನ್ನು ಘಾಟಿಯೇ ತೀರ್ಮಾನ ಮಾಡುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಸಕಲೇಶಪುರದ ಮೇಲೆ ಶಿರಾಡಿ ಹತ್ತಿರದ ದಾರಿ, ಲಾರಿಗಳಿಗೂ ಅದೇ ದಾರಿ. ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿಯುವ ಚಾರ್ಮಾಡಿ ನೋಡಲು ಚಂದ. ಮಳೆ ಮುಗಿಯುವ ಹೊತ್ತಿಗೆ ಹೋದರೆ ತಿರುವಿಗೊಂದು ನೀರು ಬೀಳುತ್ತಿರುತ್ತದೆ, ಮಂಜು ಬಂದರೆ ಮಾತ್ರ ಮುಂದಿನ ಗಾಡಿಯ ಕೆಂಪು ದೀಪವನ್ನೇ ನಂಬಿ ಇಳಿಯಬೇಕು. ಶಿವಮೊಗ್ಗದ ಕಡೆಯಿಂದ ಉಡುಪಿಗೆ ಆಗುಂಬೆ: 14 ಹೇರ್‌ಪಿನ್ ತಿರುವು, ಕಿರಿದು ರಸ್ತೆ. ಹೊಸದಾಗಿ ಗಾಡಿ ಕಲಿತವರಿಗೆ ಬೇಡ.

ಬಡಗಿನ ಅರ್ಧಕ್ಕೆ ನನ್ನ ಆಯ್ಕೆ ಸಾಗರದಿಂದ ಹೊನ್ನಾವರಕ್ಕೆ ಇಳಿಯುವ ಗೇರುಸೊಪ್ಪೆ ಘಾಟಿ. ದಾರಿಯಲ್ಲೇ ಜೋಗ ಸಿಗುತ್ತದೆ, ಶರಾವತಿ ಕಣಿವೆಯ ದಟ್ಟ ಕಾಡು ಸಿಗುತ್ತದೆ. ಅದೃಷ್ಟ ಇದ್ದರೆ ರಸ್ತೆ ಪಕ್ಕದ ಮರದಲ್ಲಿ ಸಿಂಗಳೀಕಗಳೂ ಕಾಣುತ್ತವೆ. ದಯವಿಟ್ಟು ಅವುಗಳಿಗೆ ಬಾಳೆಹಣ್ಣು ಕೊಡಬೇಡಿ, ರಸ್ತೆಗೆ ಇಳಿಯುವ ಅಭ್ಯಾಸವಾದರೆ ಗಾಡಿಗೆ ಸಿಕ್ಕಿ ಸಾಯುತ್ತವೆ. ಹುಬ್ಬಳ್ಳಿಯವರಿಗೆ ಯಲ್ಲಾಪುರದ ಮೇಲೆ ಅರಬೈಲು ಘಾಟಿ ಅಂಕೋಲಾಕ್ಕೆ ನೇರ ದಾರಿ. ಮಾಗೋಡು ಜಲಪಾತ ಪಕ್ಕದಲ್ಲೇ ಇದೆ. ಸಿರ್ಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟಿ ಹತ್ತಿರ, ಆದರೆ ರಸ್ತೆ ಅಗಲ ಮಾಡುವ ಕೆಲಸ ಅಲ್ಲಿ ವರ್ಷಗಳಿಂದ ನಡೆದಿದೆ. ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ. ಯಾವ ಘಾಟಿಯಾದರೂ ಹಗಲಲ್ಲೇ ಇಳಿಯಿರಿ, ಹತ್ತುವ ಗಾಡಿಗೆ ದಾರಿ ಬಿಡಿ. ಇಳಿದದ್ದು ಒಂದಾದರೆ ಹತ್ತುವುದು ಇನ್ನೊಂದಾಗಿರಲಿ.

ಯಾವ ತಿಂಗಳು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಕಣ್ಣು ಮುಚ್ಚಿ ಬನ್ನಿ. ಈ ಕಾಲದಲ್ಲಿ ರಾತ್ರಿ ಊರೂರಲ್ಲಿ ಯಕ್ಷಗಾನವೂ ಇರುತ್ತದೆ, ಕರಾವಳಿಯ ತೆಂಕು ಭಾಗದಲ್ಲಿ ಕಂಬಳವೂ ಇರುತ್ತದೆ. ಏಪ್ರಿಲ್, ಮೇ ಸೆಕೆ ತಡೆಯುವವರಿಗೆ ಮಾತ್ರ.

ಮಳೆಗಾಲದ ಕರಾವಳಿ ನನಗೆ ಬಹಳ ಇಷ್ಟ, ಆದರೆ ಅದನ್ನು ಬೀಚ್ ಪ್ರವಾಸ ಎಂದುಕೊಂಡು ಬರಬೇಡಿ. ದ್ವೀಪಗಳಿಗೆ ದೋಣಿ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಹೋಟೆಲಿನಲ್ಲಿ ತಾಜಾ ಮೀನೂ ಕಡಿಮೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಬದಿಯ ಚಹಾದಂಗಡಿಯೂ ಅಲ್ಲಿದ್ದವರೂ ಮಣ್ಣಿನಡಿ ಹೋದರು. ಮೂರು ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ರೆಡ್ ಅಲರ್ಟ್ ಇದ್ದ ದಿನ ಕೋಣೆಯಲ್ಲೇ ಇರಿ, ಗುಡ್ಡ ಕಡಿದ ಜಾಗದಲ್ಲಿ ಚಹಾಕ್ಕೆ ಅಂತಲೂ ಗಾಡಿ ನಿಲ್ಲಿಸಬೇಡಿ.

ಕಾರೋ, ರೈಲೋ?

ನಾಲ್ಕು ಜನ ಇದ್ದರೆ ಕಾರು. ಒಬ್ಬರು, ಇಬ್ಬರಾದರೆ ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಉಡುಪಿಯಲ್ಲೋ ಗೋಕರ್ಣ ರೋಡಿನಲ್ಲೋ ಇಳಿಯಿರಿ, ಊರಿನಲ್ಲಿ ಬಾಡಿಗೆಗೆ ಸ್ಕೂಟರ್ ತೆಗೆದುಕೊಳ್ಳಿ. ಘಾಟಿಯ ಆಯಾಸ ಇಲ್ಲ, ಒಂದು ದಿನ ಉಳಿಯುತ್ತದೆ. ಸಣ್ಣ ರಸ್ತೆಗಳಿಗೆ ಸ್ಕೂಟರೇ ಸಲೀಸು, ತದಡಿಯ ದೋಣಿಗೂ ಏರಿಸಬಹುದು.

ನಾಲ್ಕೇ ದಿನ ಇದ್ದು ತೆಂಕು ಆರಿಸಿದರೆ ಎರಡು ರಾತ್ರಿ ಉಡುಪಿ, ಒಂದು ರಾತ್ರಿ ಕುಂದಾಪುರದಲ್ಲಿ ಉಳಿಯಿರಿ. ಬಡಗಾದರೆ ಒಂದು ರಾತ್ರಿ ಹೊನ್ನಾವರ, ಎರಡು ರಾತ್ರಿ ಗೋಕರ್ಣ, ಕಾರವಾರವನ್ನು ಇನ್ನೊಂದು ಸಲಕ್ಕೆ ಬಿಡಿ. ಏಳು ದಿನ ಇದ್ದರೆ ಮಾತ್ರ ಎರಡೂ ಅರ್ಧ ಸೇರಿಸಿ. ಆಗ ತೆಂಕಿನಿಂದ ಬಡಗಿಗೆ ಬನ್ನಿ, ಬಡಗಿನಿಂದ ತೆಂಕಿಗೆ ಹೋಗಬೇಡಿ. ನಮ್ಮಲ್ಲಿ ಗಾಡಿ ರಸ್ತೆಯ ಎಡಕ್ಕೆ ಓಡುವುದರಿಂದ ಬಡಗಕ್ಕೆ ಹೋಗುವಾಗ ಕಡಲು ನಿಮ್ಮ ಬದಿಗೇ ಇರುತ್ತದೆ. ಬೀಚಿಗೆ ತಿರುಗಲು ಎದುರಿನ ಲಾರಿಗಳನ್ನು ಅಡ್ಡ ದಾಟಬೇಕಾಗಿಲ್ಲ, ಎಡಗಡೆ ಕಿಟಕಿಯಲ್ಲಿ ಕೂತವರಿಗೆ ಮರವಂತೆಯಲ್ಲಿ ಕಡಲು ಕೈಗೆ ಸಿಗುವಷ್ಟು ಹತ್ತಿರ.